‘ಹಲೋ, ನನ್ನ ಮಾತು ಕೇಳ್ತಿದೆಯಾ?’: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಆನ್‌ಲೈನ್ ಇಂಟರ್‌ವ್ಯೂ. ಕೆಲವರು ಉತ್ತರ ಕೊಡುವ ಕಡೆ ಕೂರುವವರು, ಕೆಲವರು ಪ್ರಶ್ನೆ ಕೇಳುವ ಕಡೆ. ಯಾವ ಕ್ಯಾಮೆರಾ, ಎಷ್ಟರ ಮೈಕು, ಯಾಕೆ ಹೀಗಾಗುತ್ತದೆ ಅಂತ ಎಲ್ಲರೂ ಕೇಳಿದ್ದಾರೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರಷ್ಟೇ ಇದೆ.

ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಮುಂದಿನ ವಾರದಿಂದ ಇಂಟರ್‌ವ್ಯೂಗಳು ಶುರು. ಹಾಸ್ಟೆಲ್ ರೂಮಿನಲ್ಲಿ ಮೂವರಿದ್ದೇವೆ. ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ನನ್ನ ಮುಖ ಕಪ್ಪಗೆ, ಮಸುಕಾಗಿ ಕಾಣುತ್ತದೆ. ಅಪ್ಪ ಮೂರು ಸಾವಿರ ಕೊಡುತ್ತೇನೆ ಅಂದಿದ್ದಾರೆ. ವೆಬ್‌ಕ್ಯಾಮ್ ತಗೊಳ್ಳಲಾ, ರಿಂಗ್ ಲೈಟ್ ತಗೊಳ್ಳಲಾ?
— ಹಾಸನ

ಎರಡೂ ಬೇಡ. ದುಡ್ಡು ಸದ್ಯಕ್ಕೆ ಅಪ್ಪನ ಹತ್ತಿರವೇ ಇರಲಿ.

ಲ್ಯಾಪ್‌ಟಾಪಿನ ಮುಚ್ಚಳ ಎಷ್ಟು ತೆಳ್ಳಗಿದೆ ನೋಡಿ. ಅಷ್ಟೇ ಜಾಗದಲ್ಲಿ ಕ್ಯಾಮೆರಾ ಕೂರಬೇಕು. ಲೆನ್ಸು ಸಣ್ಣದು, ಹಿಂದೆ ಬೆಳಕು ಹಿಡಿಯುವ ಸೆನ್ಸರ್ ಕೂಡ ಸಣ್ಣದು. ಬೆಳಕು ಕಮ್ಮಿಯಾದರೆ ಅದು ಬಂದಷ್ಟನ್ನೇ ಎಳೆದು ದೊಡ್ಡದು ಮಾಡುತ್ತದೆ, ಆಗ ಚಿತ್ರದಲ್ಲಿ ರವೆ ಉದುರಿಸಿದ ಹಾಗೆ ಚುಕ್ಕೆಗಳು ಏಳುತ್ತವೆ, ಆ ಚುಕ್ಕೆಗಳನ್ನು ಒರೆಸಲು ಹೋಗಿ ನಿಮ್ಮ ಹುಬ್ಬು ಮೂಗನ್ನೂ ಒರೆಸಿಬಿಡುತ್ತದೆ. ನಿಮಗೆ ಕಾಣುವ ಮಸುಕು ಅದೇ. ಬೆಳಕು ಕೊಟ್ಟರೆ ಇದೇ ಕ್ಯಾಮೆರಾ ಮರ್ಯಾದೆಯಾಗಿ ಕೆಲಸ ಮಾಡುತ್ತದೆ.

ನಿಮ್ಮ ಕಿಟಕಿ ಬೆನ್ನ ಹಿಂದೆ ಇದೆ ಅಂತ ನನ್ನ ಊಹೆ. ಹಾಸ್ಟೆಲ್‌ಗಳಲ್ಲಿ ಮಂಚ ಕಿಟಕಿಗೆ ಒರಗಿರುತ್ತದೆ, ನಾವು ಮಂಚದ ಮೇಲೆ ಕೂತು ದಿಂಬಿಗೆ ಬೆನ್ನು ಕೊಡುತ್ತೇವೆ. ಕ್ಯಾಮೆರಾಗೆ ಆಗ ಕಾಣುವುದು ಹೊಳೆಯುವ ಕಿಟಕಿ. ‘ಅಬ್ಬಾ ಬೆಳಕು ಜಾಸ್ತಿ’ ಅಂತ ಅದು ಇಡೀ ಚಿತ್ರವನ್ನು ಕಪ್ಪು ಮಾಡುತ್ತದೆ. ತಿರುಗಿ ಕೂರಿ, ಅಷ್ಟೇ. ಕಿಟಕಿ ನಿಮ್ಮ ಮುಖಕ್ಕೆ ಎದುರಾಗಿ ಅಥವಾ ಸ್ವಲ್ಪ ಪಕ್ಕಕ್ಕಿರಲಿ. ನೇರ ಬಿಸಿಲು ಬೀಳುತ್ತಿದ್ದರೆ ಒಂದು ತೆಳು ಬಿಳಿ ದುಪಟ್ಟಾ ಕಟ್ಟಿ. ಸಂಜೆಯ ಇಂಟರ್‌ವ್ಯೂ ಆದರೆ ಟೇಬಲ್ ಲ್ಯಾಂಪನ್ನು ಮುಖಕ್ಕೆ ಹಿಡಿಯಬೇಡಿ, ಎದುರಿನ ಬಿಳಿ ಗೋಡೆಗೆ ಹಿಡಿಯಿರಿ. ಗೋಡೆಗೆ ಬಡಿದು ಬಂದ ಬೆಳಕು ಮೆತ್ತಗಿರುತ್ತದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಒಂದನ್ನೇ ನಂಬಿದರೆ ಕಣ್ಣಿನ ಕೆಳಗೆ ನೆರಳು ಬಿದ್ದು ಮೂರು ದಿನ ನಿದ್ದೆಗೆಟ್ಟವರ ಹಾಗೆ ಕಾಣುತ್ತೀರಿ. ಕೊನೆಯ ವರ್ಷದಲ್ಲಿ ಅದು ನಿಜವೂ ಇರಬಹುದು, ಆದರೆ ಅವರಿಗೆ ಯಾಕೆ ಗೊತ್ತಾಗಬೇಕು?

ಆಮೇಲೆ ಎತ್ತರ. ಲ್ಯಾಪ್‌ಟಾಪ್ ಮೇಜಿನ ಮೇಲಿದ್ದರೆ ಕ್ಯಾಮೆರಾ ಕೆಳಗಿನಿಂದ ನೋಡುತ್ತದೆ. ಅವರಿಗೆ ನಿಮ್ಮ ಮೂಗಿನ ಹೊಳ್ಳೆ, ತಲೆಯ ಮೇಲೆ ತಿರುಗುವ ಫ್ಯಾನು ಕಾಣುತ್ತದೆ. ನಾಲ್ಕೈದು ದಪ್ಪ ಪುಸ್ತಕ ಇಟ್ಟು ಲೆನ್ಸನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಇಲ್ಲಿ ಒಂದು ತೊಡಕಿದೆ, ಕೋಡಿಂಗ್ ಸುತ್ತಿದ್ದರೆ ಅಷ್ಟು ಎತ್ತರದ ಕೀಬೋರ್ಡಿನಲ್ಲಿ ಟೈಪ್ ಮಾಡಲಾಗುವುದಿಲ್ಲ. ಯಾರ ಹತ್ತಿರವಾದರೂ ಒಂದು ಯುಎಸ್‌ಬಿ ಕೀಬೋರ್ಡ್ ಇಸಿದುಕೊಳ್ಳಿ. ಸಿಗದಿದ್ದರೆ ಕೊಂಡುಕೊಳ್ಳಿ, ಅಪ್ಪನ ದುಡ್ಡಿನಲ್ಲಿ ಖರ್ಚು ಮಾಡಬೇಕಾದ ಮೊದಲ ವಸ್ತು ಅದೇ. ಇನ್ನೊಂದು ಲಾಭವೂ ಇದೆ. ಲ್ಯಾಪ್‌ಟಾಪಿನ ಮೈಕು ಕೀಬೋರ್ಡಿನ ಜೊತೆ ಒಂದೇ ಮೈಯಲ್ಲಿರುತ್ತದೆ, ನೀವು ಒಂದೊಂದು ಕೀ ಒತ್ತಿದಾಗಲೂ ಅವರಿಗೆ ಬಾಗಿಲು ಬಡಿದ ಹಾಗೆ ಕೇಳುತ್ತದೆ.

ಈಗ ಮುಖ್ಯ ವಿಷಯ, ನೀವು ಕೇಳದೇ ಬಿಟ್ಟದ್ದು: ಮೈಕು. ಮುಖ ಸ್ವಲ್ಪ ಮಂಕಾಗಿದ್ದರೆ ಯಾರೂ ಕೆಲಸ ಇಲ್ಲ ಅನ್ನುವುದಿಲ್ಲ. ಎರಡು ಸಲ ‘ಸಾರಿ, ಕ್ಯಾನ್ ಯು ರಿಪೀಟ್’ ಅಂದ ಮೇಲೆ ಮೂರನೆಯ ಸಲ ಅವರು ಕೇಳುವುದೂ ಇಲ್ಲ, ಸುಮ್ನೆ ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಿಮ್ಮ ಒಳ್ಳೆಯ ಉತ್ತರ ಗಾಳಿಗೆ ಹೋಯಿತು. ದನಿ ಹುಟ್ಟುವ ಜಾಗದಿಂದ ಮೈಕು ಎರಡು ಪಟ್ಟು ದೂರ ಹೋದರೆ ದನಿಯ ಮಟ್ಟ 6 ಡೆಸಿಬೆಲ್ (ಸದ್ದಿನ ಅಳತೆ) ಇಳಿಯುತ್ತದೆ. ಬಾಯಿಂದ 20 ಸೆಂಟಿಮೀಟರ್ ಇದ್ದದ್ದು 80 ಸೆಂಟಿಮೀಟರ್ ಆದರೆ 12 ಡೆಸಿಬೆಲ್ ಹೋಯಿತು. ಫ್ಯಾನಿನ ಸದ್ದು, ಕಾರಿಡಾರಿನ ಗಲಾಟೆ ಮಾತ್ರ ಇದ್ದಷ್ಟೇ ಇರುತ್ತದೆ. ಹತ್ತು ಸಾವಿರದ ಮೈಕು ಮೇಜಿನ ಆ ತುದಿಯಲ್ಲಿದ್ದರೆ, ನಿಮ್ಮ ಗಂಟಲಿನ ಹತ್ತಿರ ನೇತಾಡುವ ಮುನ್ನೂರು ರೂಪಾಯಿಯ ವೈರ್ ಇಯರ್‌ಫೋನ್ ಅದನ್ನು ಸೋಲಿಸುತ್ತದೆ. ಉತ್ಪ್ರೇಕ್ಷೆ ಅನಿಸಿದರೆ ರೆಕಾರ್ಡ್ ಮಾಡಿ ನೋಡಿ.

ಹಾಗಾಗಿ ವೈರ್ ಇರುವ ಇಯರ್‌ಫೋನ್ ಹಾಕಿ. ವೈರಿನಲ್ಲಿರುವ ಪುಟ್ಟ ಮೈಕು ಬಟ್ಟೆಗೆ, ಕೂದಲಿಗೆ ಉಜ್ಜದ ಹಾಗೆ ಕ್ಲಿಪ್ ಹಾಕಿಕೊಳ್ಳಿ. ಕೈಯಲ್ಲಿ ಹಿಡಿದು ತುಟಿಗೆ ತಾಗಿಸಿ ಮಾತಾಡಬೇಡಿ, ‘ಪ’, ‘ಭ’ ಬಂದಾಗಲೆಲ್ಲ ಫಟ್ ಫಟ್ ಅನ್ನುತ್ತದೆ.

ಫೋನನ್ನೇ ವೆಬ್‌ಕ್ಯಾಮ್ ಮಾಡಬಹುದಲ್ವಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಮಾಡಬಹುದು. ಡ್ರಾಯ್ಡ್‌ಕ್ಯಾಮ್, ಐರಿಯನ್ ತರಹದ ಆ್ಯಪ್‌ಗಳಿವೆ, ಆಂಡ್ರಾಯ್ಡ್ 14 ಇರುವ ಕೆಲವು ಫೋನುಗಳು ಆ್ಯಪ್ ಇಲ್ಲದೆಯೇ ಯುಎಸ್‌ಬಿ ವೈರಿನಲ್ಲಿ ವೆಬ್‌ಕ್ಯಾಮ್ ಆಗುತ್ತವೆ. ಚಿತ್ರ ನಿಜಕ್ಕೂ ಚೆನ್ನಾಗಿ ಬರುತ್ತದೆ. ಆದರೆ ಮಧ್ಯದಲ್ಲಿ ಅಮ್ಮನ ಕಾಲ್ ಬಂದರೆ? ಹೆಚ್ಚು ಜೋಡಣೆ ಅಂದರೆ ಕೈಕೊಡುವ ಜಾಗಗಳೂ ಹೆಚ್ಚು. ಮೊದಲ ಇಂಟರ್‌ವ್ಯೂಗೆ ಬೇಡ.

ಕೊನೆಯದಾಗಿ ಎರಡು ಮಾತು. ಅವರ ಮುಖ ಕಾಣುವ ಕಿಟಕಿಯನ್ನು ಚಿಕ್ಕದು ಮಾಡಿ ಪರದೆಯ ಮೇಲ್ತುದಿಗೆ, ಕ್ಯಾಮೆರಾದ ಕೆಳಗೇ ಎಳೆದಿಡಿ, ಆಗ ಅವರನ್ನು ನೋಡಿದರೆ ಲೆನ್ಸನ್ನೇ ನೋಡಿದ ಹಾಗೆ ಕಾಣುತ್ತದೆ. ಮತ್ತೆ, ಪರೀಕ್ಷೆ ಮಾಡುವುದಾದರೆ ಇಂಟರ್‌ವ್ಯೂ ಎಷ್ಟು ಗಂಟೆಗೋ ಹಿಂದಿನ ದಿನ ಅಷ್ಟೇ ಗಂಟೆಗೆ ಮಾಡಿ. ರಾತ್ರಿ ಹನ್ನೊಂದಕ್ಕೆ ಚೆನ್ನಾಗಿದ್ದ ರೂಮು ಬೆಳಿಗ್ಗೆ ಹನ್ನೊಂದಕ್ಕೆ ಬೇರೆಯೇ ಇರುತ್ತದೆ. ಬಿಸಿಲು ಬೇರೆ ಕಡೆ, ವೈಫೈ ಬೇರೆ, ಬಟ್ಟೆ ಒಗೆಯುವ ಸದ್ದು ಬೇರೆ. ರೂಮ್‌ಮೇಟ್‌ಗಳಿಗೆ ಒಂದು ಗಂಟೆ ಕ್ಯಾಂಟೀನಿಗೆ ಹೋಗಿ ಬನ್ನಿ ಅಂತ ಟೀ ದುಡ್ಡು ಕೊಡಿ. ಅದು ಅತ್ಯುತ್ತಮ ನಾಯ್ಸ್ ಕ್ಯಾನ್ಸಲೇಶನ್.

ಬ್ಲೂಟೂತ್ ಹೆಡ್‌ಸೆಟ್ ತಗೊಂಡೆ. ಹಾಡು ಅದ್ಭುತವಾಗಿ ಕೇಳುತ್ತದೆ. ಮೀಟಿಂಗಿಗೆ ಸೇರಿದ ಕೂಡಲೇ ನನಗೂ ಎಲ್ಲ ಡಬ್ಬದ ದನಿ, ಅವರಿಗೂ ನನ್ನದು ಡಬ್ಬದ ದನಿ. ‘ಬಾವ್ಯಾಗ ಕೂತು ಮಾತಾಡಿದಂಗ ಕೇಳ್ತದ’ ಅಂತ ಗೆಳೆಯ ನಗುತ್ತಾನೆ. ಪೀಸ್ ಕೆಟ್ಟಿದೆಯಾ?
— ಹುಬ್ಬಳ್ಳಿ

ಕೆಟ್ಟಿಲ್ಲ. ಬ್ಲೂಟೂತ್ ಹಾಡು ಕೇಳಿಸುವಾಗ ಒಂದು ಪದ್ಧತಿ, ಮಾತಾಡುವಾಗ ಇನ್ನೊಂದು ಪದ್ಧತಿ. ಹಾಡಿನಲ್ಲಿ ಸದ್ದು ಒಂದೇ ಕಡೆ ಹರಿಯುತ್ತದೆ, ದಾರಿ ಪೂರ್ತಿ ಅದಕ್ಕೇ. ಮೈಕು ಆನ್ ಆದ ಕೂಡಲೇ ಎರಡೂ ಕಡೆ ಹರಿಯಬೇಕು, ಅದೂ ತಡವಾಗದೆ. ಹೆಡ್‌ಸೆಟ್ಟು ಆಗ ಹಳೆಯ ಫೋನ್ ಪದ್ಧತಿಗೆ ಇಳಿಯುತ್ತದೆ. ಸಿ.ಡಿ.ಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಇಟ್ಟಿರುತ್ತಾರೆ. ಈ ಫೋನ್ ಪದ್ಧತಿಯಲ್ಲಿ 8,000 ಸಲ, ಸ್ವಲ್ಪ ಹೊಸದರಲ್ಲಿ 16,000 ಸಲ. ಅಳತೆಯ ಅರ್ಧದಷ್ಟು ಹರ್ಟ್ಜ್‌ವರೆಗೆ, ಅಂದರೆ ಸೆಕೆಂಡಿಗೆ ಅಷ್ಟು ಕಂಪನದವರೆಗೆ ಮಾತ್ರ ಸದ್ದು ಉಳಿಯುತ್ತದೆ. ಅಂದರೆ 8,000ದಲ್ಲಿ 4,000 ಹರ್ಟ್ಜ್ ಮೇಲಿನದ್ದೆಲ್ಲ ಹೋಯಿತು. ‘ಸ’ಕಾರದ ಸುಯ್ ಅನ್ನುವ ಭಾಗ ಇರುವುದೇ ಅದರ ಮೇಲೆ. ಹಳೆಯ ಲ್ಯಾಂಡ್‌ಲೈನಿನಲ್ಲಿ 300ರಿಂದ 3,400 ಹರ್ಟ್ಜ್ ಅಷ್ಟೇ ದಾಟುತ್ತಿತ್ತು, ಅದಕ್ಕೇ ನಮ್ಮ ಅಪ್ಪಂದಿರು ಹೆಸರು ಬರೆಸುವಾಗ ‘ಎಸ್ ಫಾರ್ ಶುಗರ್, ಎಫ್ ಫಾರ್ ಫಾದರ್’ ಅಂತ ಕೂಗುತ್ತಿದ್ದದ್ದು. ನೀವು ಸಾವಿರಾರು ಕೊಟ್ಟು ಮತ್ತೆ ಅದೇ ಲ್ಯಾಂಡ್‌ಲೈನಿಗೆ ಬಂದಿದ್ದೀರಿ.

ಪರಿಹಾರ ಸುಲಭ. ಕೇಳುವುದಕ್ಕೆ ಬ್ಲೂಟೂತ್ ಇರಲಿ, ಆದರೆ ಮೀಟಿಂಗಿನ ಸೆಟ್ಟಿಂಗ್‌ನಲ್ಲಿ ಮೈಕು ಅಂತ ಬೇರೆಯದನ್ನು ಆರಿಸಿ, ಲ್ಯಾಪ್‌ಟಾಪಿನದ್ದೋ ಯುಎಸ್‌ಬಿ ಮೈಕೋ. ಆಗ ಹೆಡ್‌ಸೆಟ್ ಹಾಡಿನ ಪದ್ಧತಿಯಲ್ಲೇ ಉಳಿಯುತ್ತದೆ. ಅದಕ್ಕಿಂತ ಸುಲಭ, ಇಂಟರ್‌ವ್ಯೂ ದಿನ ವೈರಿನದ್ದನ್ನೇ ಹಾಕಿ. ಚಾರ್ಜ್ ಮುಗಿಯುವ ಭಯವೂ ಇಲ್ಲ.

ನಾನು ಕಾಲೇಜು ಅಧ್ಯಾಪಕ. ಬಿಡುವಿನಲ್ಲಿ ಹಳೆಯ ಯಕ್ಷಗಾನ ಕಲಾವಿದರ ನೆನಪುಗಳನ್ನು ದಾಖಲಿಸುತ್ತಿದ್ದೇನೆ. ಒಬ್ಬ ಹಿರಿಯ ಭಾಗವತರು ಹೊನ್ನಾವರ ತಾಲೂಕಿನ ಒಳಗಿದ್ದಾರೆ, ಮಳೆಗಾಲದಲ್ಲಿ ನನಗೆ ಹೋಗಲಾಗುವುದಿಲ್ಲ. ಮೊಮ್ಮಗನ ಫೋನಿನಲ್ಲಿ ವಿಡಿಯೊ ಕಾಲ್ ಮಾಡಿಸುತ್ತೇನೆ. ಮಾತು ಪರವಾಗಿಲ್ಲ. ಆದರೆ ಅವರು ಪದ್ಯ ಶುರು ಮಾಡಿದ ಕೂಡಲೇ ದನಿ ಮುಳುಗುತ್ತದೆ, ಶ್ರುತಿ ಮಾಯವಾಗುತ್ತದೆ, ಚಂಡೆ ಒಂದು ಪೆಟ್ಟು ಕೇಳಿ ನಿಂತುಹೋಗುತ್ತದೆ. ನೆಟ್‌ವರ್ಕಿನ ತೊಂದರೆಯೇ?
— ಶಿರಸಿ

ಈ ಪತ್ರ ಓದಿ ಖುಷಿಯಾಯಿತು. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಉಳಿದವರು ಕ್ಷಮಿಸಬೇಕು.

ನೆಟ್‌ವರ್ಕ್ ಅಲ್ಲ. ಮೀಟಿಂಗ್ ಆ್ಯಪ್‌ಗಳಲ್ಲಿ ಗದ್ದಲ ತೆಗೆಯುವ ಏರ್ಪಾಡು ಇರುತ್ತದೆ. ಅದಕ್ಕೆ ಗೊತ್ತಿರುವುದು ಮನುಷ್ಯರ ಮಾತು ಮಾತ್ರ. ಒಂದೇ ಸಮನೆ ಬರುವ ಸದ್ದೆಲ್ಲ ಅದರ ಲೆಕ್ಕದಲ್ಲಿ ಫ್ಯಾನು, ಫ್ರಿಜ್ಜು. ಶ್ರುತಿಪೆಟ್ಟಿಗೆ ಒಂದೇ ಸಮನೆ ಬರುತ್ತದೆ, ಹಾಗಾಗಿ ಅದೂ ಫ್ಯಾನು. ಎಳೆದು ಹಾಡಿದ ಸ್ವರ ಅರ್ಧ ಫ್ಯಾನು. ಚಂಡೆಯ ಪೆಟ್ಟು ಬಾಗಿಲು ಬಡಿದದ್ದು. ಪಾಪ, ಅದಕ್ಕೆ ಬಡಗುತಿಟ್ಟಿನ ಯಕ್ಷಗಾನ ಯಾರು ಕಲಿಸಬೇಕು? ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಅಂತ ಒಂದು ಸೌಲಭ್ಯ ಇದೆ, ಗೂಗಲ್ ಮೀಟ್‌ನಲ್ಲಿ ‘ನಾಯ್ಸ್ ಕ್ಯಾನ್ಸಲೇಶನ್’ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಬಹುದು. ಗಮನಿಸಿ, ಇದನ್ನು ಬದಲಿಸಬೇಕಾದ್ದು ಹಾಡುವವರ ಕಡೆಯ ಫೋನಿನಲ್ಲಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ಒತ್ತಿದರೂ ಪ್ರಯೋಜನ ಇಲ್ಲ. ಮೊಮ್ಮಗನನ್ನು ಹಿಡಿಯಿರಿ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಇಂಟರ್‌ನೆಟ್ಟಿನ ಮೂಲಕ ಬಂದ ದನಿಯನ್ನು ನಂಬುತ್ತಲೇ ಇರಲಿಲ್ಲ. ಆ ಮನೆಯಲ್ಲಿ ಇನ್ನೊಂದು ಫೋನು ಇದ್ದೇ ಇರುತ್ತದೆ, ಸೊಸೆಯದ್ದೋ ಮಗನದ್ದೋ. ಒಂದರಲ್ಲಿ ನಿಮ್ಮ ಜೊತೆ ಕಾಲ್ ನಡೆಯಲಿ. ಇನ್ನೊಂದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ರೆಕಾರ್ಡರ್ ಆ್ಯಪ್ ಆನ್ ಮಾಡಿ ಅಜ್ಜನ ಮುಂದೆ ಇಡಲಿ. ಸಿಗ್ನಲ್ ಬರಲಿ ಹೋಗಲಿ, ಅದರಲ್ಲಿ ದನಿ ಪೂರ್ತಿ ಇರುತ್ತದೆ. ಸೆಕೆಂಡಿಗೆ 128 ಕಿಲೊಬಿಟ್ (ಕೆಬಿಪಿಎಸ್) ಲೆಕ್ಕದಲ್ಲಿ ಒಂದು ಗಂಟೆಯ ರೆಕಾರ್ಡಿಂಗ್ 60 ಎಂಬಿ ಒಳಗೇ ಮುಗಿಯುತ್ತದೆ. ಸಿಗ್ನಲ್ ಇರುವ ಕಡೆ ಹೋದಾಗ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಆಯಿತು. ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ಚಪ್ಪಾಳೆ ಹೊಡೆಸಿ. ಆ ಚಪ್ಪಾಳೆಯನ್ನು ಗುರುತಾಗಿಟ್ಟುಕೊಂಡು ಅವರ ಕಡೆಯ ದನಿಯನ್ನು ನಿಮ್ಮ ಕಾಲ್ ರೆಕಾರ್ಡಿಂಗ್ ಜೊತೆ ಕೂಡಿಸಬಹುದು. ಕೊನೆಯ ಚಪ್ಪಾಳೆ ಯಾಕೆ ಅಂದರೆ, ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಗಂಟೆ ಕಳೆದ ಮೇಲೆ ತುಟಿಗೂ ಮಾತಿಗೂ ಸ್ವಲ್ಪ ಅಂತರ ಬಂದಿರುತ್ತದೆ.

ಫೋನು ಎಲ್ಲಿಡಬೇಕು? ಅವರು ಕೂರುವ ಮೇಜಿನ ಮೇಲೆ ಮಾತ್ರ ಬೇಡ. ಭಾಗವತರ ಕೈ ಸುಮ್ಮನಿರುವುದಿಲ್ಲ, ಮೇಜಿನ ಮೇಲೆ ತಾಳ ಬೀಳುತ್ತದೆ, ಒಂದೊಂದು ತಟ್ಟೂ ರೆಕಾರ್ಡಿಂಗ್‌ನಲ್ಲಿ ಸುತ್ತಿಗೆಯ ಪೆಟ್ಟು. ಬೇರೆ ಸ್ಟೂಲಿನ ಮೇಲೆ ಮಡಿಸಿದ ಟವೆಲ್ ಹಾಕಿ ಅದರ ಮೇಲೆ ಇಡಲಿ, ಬಾಯಿಂದ ಒಂದೂವರೆ ಗೇಣು ದೂರ. ಚಂಡೆ ನುಡಿಸಿ ತೋರಿಸುವುದಿದ್ದರೆ ಎರಡು ಮೂರು ಮೀಟರ್ ಹಿಂದೆ ಸರಿಸಬೇಕು. ಚಂಡೆಯ ಹತ್ತಿರ ಇಟ್ಟ ಮೈಕು ಒಡೆದ ದನಿ ಕೊಡುತ್ತದೆ, ಒಡೆದದ್ದನ್ನು ಆಮೇಲೆ ಯಾರೂ ಸರಿ ಮಾಡಲಾರರು. ಮೆಲ್ಲಗೆ ಬಂದದ್ದನ್ನು ಸ್ವಲ್ಪ ಏರಿಸಬಹುದು.

ಹೆಂಚಿನ ಮನೆಯಾದರೆ ಮಳೆಗೆ ಮದ್ದಿಲ್ಲ. ಅಟ್ಟ ಇರುವ ಕೋಣೆಯಲ್ಲಿ ಕೂರಿಸಿ, ಮೇಲಿನ ಮರದ ಅಟ್ಟವೂ ಅದರಲ್ಲಿ ತುಂಬಿದ ಸಾಮಾನೂ ಸದ್ದನ್ನು ಎಷ್ಟೋ ತಡೆಯುತ್ತವೆ. ಜೋರು ಮಳೆ ಬಂದರೆ ನಿಲ್ಲಿಸಿ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ತಾನೇ ಕಟ್ ಮಾಡುತ್ತದೆ, ಅಜ್ಜನಿಗೆ ಕಷಾಯ ಕುಡಿಯಲು ಅದು ಒಳ್ಳೆಯ ನೆಪ. ಮೀಟ್‌ನಲ್ಲಿ ಇಬ್ಬರೇ ಇದ್ದರೆ ಈ ತೊಂದರೆ ಇಲ್ಲ, ಆದರೆ ಉಚಿತ ಖಾತೆಯಲ್ಲಿ ರೆಕಾರ್ಡಿಂಗ್ ಇಲ್ಲ. ಜೂಮ್‌ನಲ್ಲಿ ಕಂಪ್ಯೂಟರಿಗೆ ರೆಕಾರ್ಡ್ ಮಾಡುವಾಗ ಪ್ರತಿಯೊಬ್ಬರ ದನಿಯನ್ನೂ ಬೇರೆ ಬೇರೆ ಫೈಲಿನಲ್ಲಿ ಇಡುವ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ.

ಇನ್ನು ನಿಮ್ಮದೇ ಒಂದು ಅಭ್ಯಾಸ ಬಿಡಬೇಕು. ಹಿರಿಯರು ಮಾತಾಡುವಾಗ ನಾವು ‘ಹೂಂ… ಹೌದೌದು… ಹೌದಾ!’ ಅನ್ನುತ್ತೇವೆ. ಎದುರಿಗೆ ಕೂತಾಗ ಅದು ಗೌರವ. ಆನ್‌ಲೈನಿನಲ್ಲಿ ನಿಮ್ಮ ಒಂದು ‘ಹೂಂ’ ಅವರ ಅರ್ಧ ಪದವನ್ನು ನುಂಗುತ್ತದೆ, ಯಾಕೆಂದರೆ ಎಕೋ ತಡೆಯಲು ಆ್ಯಪ್ ಒಂದು ಕಡೆಯ ದನಿಯನ್ನು ತಗ್ಗಿಸುತ್ತದೆ. ತಲೆ ಆಡಿಸಿ, ಬಾಯಿ ಮುಚ್ಚಿಕೊಂಡಿರಿ. ಮಾತು ನಿಂತ ಕೂಡಲೇ ಮುಂದಿನ ಪ್ರಶ್ನೆ ಹಾಕಬೇಡಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತುಕತೆ ಸರಾಗ ಅಂತ ದೂರಸಂಪರ್ಕದವರ ಲೆಕ್ಕ. ಹಳ್ಳಿಯ ಸಿಗ್ನಲ್‌ನಲ್ಲಿ ಅದು ಸುಲಭವಾಗಿ ಮೀರುತ್ತದೆ. ಜೊತೆಗೆ ಎಂಬತ್ತು ದಾಟಿದವರು ನೆನಪು ಮಾಡಿಕೊಳ್ಳಲು ನಿಲ್ಲುತ್ತಾರೆ. ಮನಸ್ಸಿನಲ್ಲೇ ಐದು ಎಣಿಸಿ. ಆ ನಾಲ್ಕನೇ ಎಣಿಕೆಯಲ್ಲಿ ಬರುವ ಮಾತು ನೀವು ಕೇಳಿದ ಪ್ರಶ್ನೆಗಿಂತ ಚೆನ್ನಾಗಿರುತ್ತದೆ, ನನ್ನ ಅನುಭವ.

ಶುರುವಿನಲ್ಲೇ ಅವರ ಹೆಸರು, ಊರು, ಆ ದಿನದ ತಾರೀಕು, ‘ಇದನ್ನು ಇಂಥಲ್ಲಿ ಬಳಸುತ್ತೇನೆ, ಆಗಬಹುದಾ’ ಅನ್ನುವ ಪ್ರಶ್ನೆ, ಅವರ ಒಪ್ಪಿಗೆ, ಇಷ್ಟೂ ರೆಕಾರ್ಡ್ ಆಗಿರಲಿ.

ಅಮೆರಿಕದಿಂದ ಬಂದ ಅಕ್ಕನ ಮಗ ಒಳ್ಳೆಯ ವೆಬ್‌ಕ್ಯಾಮ್ ಕೊಟ್ಟುಹೋದ. ಹಗಲು ಚೆನ್ನಾಗಿದೆ. ರಾತ್ರಿ ಲೈಟ್ ಹಾಕಿದರೆ ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಮೇಲೆ ಕೆಳಗೆ ಹರಿದಾಡುತ್ತವೆ.
— ಮೈಸೂರು

ಅಲ್ಲಿಯ ಕರೆಂಟು 60 ಹರ್ಟ್ಜ್, ನಮ್ಮದು 50. ನಮ್ಮ ಟ್ಯೂಬ್‌ಲೈಟು, ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು ಕರೆಂಟಿನ ಒಂದೊಂದು ಸುತ್ತಿಗೆ ಎರಡು ಸಲದಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ವೆಬ್‌ಕ್ಯಾಮ್ ಸೆಟ್ಟಿಂಗ್‌ನಲ್ಲಿ ‘ಆ್ಯಂಟಿ ಫ್ಲಿಕರ್’ ಅಥವಾ ‘ಪವರ್‌ಲೈನ್ ಫ್ರೀಕ್ವೆನ್ಸಿ’ ಅಂತಿರುತ್ತದೆ. 60 ಇದ್ದದ್ದನ್ನು 50 ಮಾಡಿ. ಅಕ್ಕನ ಮಗನ ಮೇಲೆ ಅನುಮಾನ ಬೇಡ.

ಮಗುವಿಗಾಗಿ ಏಳು ವರ್ಷ ಕೆಲಸ ಬಿಟ್ಟಿದ್ದೆ. ಈಗ ಮತ್ತೆ ಪ್ರಯತ್ನಿಸುತ್ತಿದ್ದೇನೆ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇಂಟರ್‌ವ್ಯೂ. ಆ ಹೊತ್ತಿಗೆ ಕುಕ್ಕರ್ ವಿಷಲ್, ಪಕ್ಕದ ಸೈಟಿನಲ್ಲಿ ಮನೆ ಕಟ್ಟುವ ಸದ್ದು, ಜೊತೆಗೆ ಕರೆಂಟ್ ಯಾವಾಗ ಹೋಗುತ್ತದೋ. ಹಿಂದೆ ಏನು ಕಾಣಬೇಕು? ಬ್ಲರ್ ಹಾಕಲಾ?
— ದಾವಣಗೆರೆ

ಅಡುಗೆ ಆ ದಿನ ಹತ್ತಕ್ಕೇ ಮುಗಿಯಲಿ, ಇಲ್ಲವೇ ಹೋಟೆಲ್ಲಿಂದ ಬರಲಿ. ನೀವೇ ಮಾಡಬೇಕು ಅಂತ ಎಲ್ಲೂ ಬರೆದಿಲ್ಲ.

ಪಕ್ಕದ ಸೈಟಿನ ಮೇಸ್ತ್ರಿಗೆ ಹೋಗಿ ಹೇಳಿ. ನಿಜಕ್ಕೂ. ‘ಹನ್ನೊಂದರಿಂದ ಹನ್ನೆರಡು, ಇಂಟರ್‌ವ್ಯೂ ಇದೆ, ಕಟಿಂಗ್ ಮಷೀನ್ ಒಂದು ಗಂಟೆ ಆಮೇಲೆ ಹಾಕ್ಕೊಳ್ತೀರಾ’ ಅಂತ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಸದ್ದು ಬರುವ ಕಡೆಗೆ ವಿರುದ್ಧ ಬದಿಯ ಕೋಣೆ ಆರಿಸಿ. ಮಲಗುವ ಕೋಣೆ ಎಲ್ಲಕ್ಕಿಂತ ಒಳ್ಳೆಯದು, ಹಾಸಿಗೆ, ದಿಂಬು, ಬಟ್ಟೆ ಇದ್ದ ಕಡೆ ದನಿ ಗುಂಯ್‌ಗುಡುವುದಿಲ್ಲ. ಹಾಲ್ ದೊಡ್ಡದು, ನೆಲಕ್ಕೆ ಟೈಲ್ಸು, ಗೋಡೆ ಖಾಲಿ, ಅಲ್ಲಿ ಕೂತರೆ ಕಲ್ಯಾಣ ಮಂಟಪದಲ್ಲಿ ಕೂತ ಹಾಗೆ.

ಬ್ಲರ್ ಬೇಡ. ಕಿವಿಯ ತುದಿ, ಕೂದಲು, ಎತ್ತಿದ ಕೈ ಎಲ್ಲ ಕರಗಿಹೋಗುತ್ತವೆ, ಹಳೆಯ ಲ್ಯಾಪ್‌ಟಾಪ್ ಆದರೆ ಬಿಸಿಯಾಗಿ ಒಳಗಿನ ಫ್ಯಾನು ಭರ್ರ್ ಅಂತ ತಿರುಗಿ ಅದೂ ಮೈಕಿಗೆ ಬೀಳುತ್ತದೆ. ಹಿಂದೆ ಬರೀ ಗೋಡೆ ಇದ್ದರೆ ಸಾಕು. ದೇವರ ಕ್ಯಾಲೆಂಡರ್ ಇದ್ದರೂ ಪರವಾಗಿಲ್ಲ, ಅದನ್ನು ನೋಡಿ ಕೆಲಸ ಕೊಡದವರ ಹತ್ತಿರ ಕೆಲಸ ಮಾಡಿ ಸುಖ ಇಲ್ಲ. ತೀರಾ ಸಣ್ಣ ಗೀರು, ಚೌಕುಳಿ ಇರುವ ಬಟ್ಟೆ ಬಿಟ್ಟು ಒಂದೇ ಬಣ್ಣದ್ದು ಹಾಕಿ, ಸಣ್ಣ ಗೀರುಗಳು ವಿಡಿಯೊದಲ್ಲಿ ನಡುಗುತ್ತವೆ. ಬಳೆ ಮೇಜಿಗೆ ತಾಗಿದರೆ, ತಾಳಿಸರ ಇಯರ್‌ಫೋನ್ ಮೈಕಿಗೆ ತಾಗಿದರೆ ನಿಮಗೆ ಕೇಳುವುದಿಲ್ಲ, ಅವರಿಗೆ ಚೆನ್ನಾಗಿ ಕೇಳುತ್ತದೆ. ಸರವನ್ನು ಬಟ್ಟೆಯ ಒಳಗೆ ಹಾಕಿಕೊಳ್ಳಿ.

ಕರೆಂಟಿಗೆ: ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಸಾಯುವುದು ವೈಫೈ ರೂಟರು. ರೂಟರಿಗೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತದೆ, ಮನೆಯಲ್ಲಿ ಇನ್ವರ್ಟರ್ ಇದ್ದರೆ ರೂಟರ್ ಆ ಲೈನಿನಲ್ಲಿದೆಯಾ ನೋಡಿ. ಆದರೂ ಬೀದಿಯ ಕಡೆಯ ಪೆಟ್ಟಿಗೆಯಲ್ಲಿ ಕರೆಂಟ್ ಇಲ್ಲದಿದ್ದರೆ ಇಂಟರ್‌ನೆಟ್ ಬರುವುದಿಲ್ಲ, ಹಾಗಾಗಿ ಫೋನಿನ ಹಾಟ್‌ಸ್ಪಾಟ್ ಲ್ಯಾಪ್‌ಟಾಪಿಗೆ ಮೊದಲೇ ಒಂದು ಸಲ ಜೋಡಿಸಿ ನೋಡಿರಿ, ಪಾಸ್‌ವರ್ಡ್ ಹುಡುಕುವ ಹೊತ್ತು ಅದಲ್ಲ. ಜೂಮ್‌ನಲ್ಲಿ ಇಬ್ಬರ ನಡುವೆ 720ಪಿ ಗುಣಮಟ್ಟದ ವಿಡಿಯೊಗೆ ಕಳಿಸಲು 1.2 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಪಡೆಯಲು 1.2 ಎಂಬಿಪಿಎಸ್ ಬೇಕು. ಗಂಟೆಗೆ ಸುಮಾರು 1 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಆದರೆ ಬೆಳಿಗ್ಗೆ ಮಗುವಿಗೆ ಯೂಟ್ಯೂಬ್ ಇಲ್ಲ. ತೀರಾ ತಡವರಿಸಿದರೆ ‘ವಿಡಿಯೊ ಆಫ್ ಮಾಡಿ ಮುಂದುವರಿಸಬಹುದಾ’ ಅಂತ ನೀವೇ ಕೇಳಿ. ದನಿಗೆ ಮಾತ್ರ 100 ಕೆಬಿಪಿಎಸ್ ಸಾಕು. ಅವರ ಫೋನ್ ನಂಬರನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ, ಮೇಲ್‌ನಲ್ಲಿದೆ ಅಂತ ನಂಬಬೇಡಿ.

ಮಗು ಒಳಗೆ ಬಂದರೆ? ಬರಲಿ. ‘ಒಂದು ನಿಮಿಷ’ ಅಂತ ಹೇಳಿ ಮ್ಯೂಟ್ ಮಾಡಿ ಕಳಿಸಿ ಬನ್ನಿ. ಗಾಬರಿಯಾಗಿ ಕಣ್ಣಲ್ಲೇ ಗದರಿಸುವುದು ಕ್ಯಾಮೆರಾದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ.

ಇಂಟರ್‌ವ್ಯೂಗೆ ಐದು ನಿಮಿಷ ಇರುವಾಗ ಕ್ಯಾಮೆರಾ ಪೂರ್ತಿ ಕಪ್ಪು! ನಿನ್ನೆ ಸರಿ ಇತ್ತು.
— ಬೆಂಗಳೂರು

ಲೆನ್ಸಿನ ಮುಂದೆ ಜಾರುವ ಪುಟ್ಟ ಮುಚ್ಚಳ ಇದೆಯಾ ನೋಡಿ. ನಗಬೇಡಿ, ಎಷ್ಟೋ ಸಲ ಅದೇ. ಅದಲ್ಲದಿದ್ದರೆ ಬೇರೆ ಯಾವುದೋ ಆ್ಯಪ್ ಕ್ಯಾಮೆರಾ ಹಿಡಿದುಕೊಂಡಿದೆ, ನಿನ್ನೆ ಟೆಸ್ಟ್ ಮಾಡಿದ ಆ್ಯಪ್ಪೇ ಇರಬಹುದು, ಪೂರ್ತಿ ಮುಚ್ಚಿ. ಬ್ರೌಸರ್ ಆದರೆ ವಿಳಾಸದ ಪಕ್ಕದ ಗುರುತು ಒತ್ತಿ ಕ್ಯಾಮೆರಾಗೆ ಅನುಮತಿ ಇದೆಯಾ ನೋಡಿ, ವಿಂಡೋಸ್‌ನಲ್ಲಿ ಪ್ರೈವೆಸಿ ಸೆಟ್ಟಿಂಗ್ ನೋಡಿ. ಇಷ್ಟಕ್ಕೂ ಆಗದಿದ್ದರೆ ಫೋನಿನಿಂದ ಸೇರಿ. ಲಿಂಕ್ ಫೋನಿಗೂ ಮೊದಲೇ ಕಳಿಸಿಟ್ಟಿರಬೇಕು.

ಆ ಕಡೆ ಯಾರೂ ಇಲ್ಲದ ಇಂಟರ್‌ವ್ಯೂ ಬಂದಿದೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ನಾವು ರೆಕಾರ್ಡ್ ಮಾಡಿ ಕಳಿಸಬೇಕು. ಯಂತ್ರ ನನ್ನ ಮುಖಭಾವ ನೋಡಿ ಅಂಕ ಕೊಡುತ್ತದಂತೆ, ನಿಜವೇ?
— ಕಲಬುರಗಿ

ಇಂಥ ಇಂಟರ್‌ವ್ಯೂಗಳಿಗೆ ಹೆಸರಾದ ಹೈರ್‌ವ್ಯೂ ಕಂಪನಿ ಮುಖ ವಿಶ್ಲೇಷಣೆಯನ್ನು ಕೈಬಿಟ್ಟಿದ್ದೇವೆ ಅಂತ 2021ರ ಜನವರಿಯಲ್ಲಿ ಹೇಳಿತು. ಆಡಿದ ಮಾತಿನ ವಿಶ್ಲೇಷಣೆ ಉಳಿಯಿತು. ನಿಮ್ಮದು ಯಾವ ಕಂಪನಿಯದ್ದೋ, ಕೇಳಿ ತಿಳಿದುಕೊಳ್ಳಿ. ಮಾತನ್ನು ಯಂತ್ರ ಅಕ್ಷರಕ್ಕೆ ಇಳಿಸುವುದಾದರೆ ಮೈಕು ಇನ್ನೂ ಮುಖ್ಯವಾಯಿತು. ಮನುಷ್ಯರು ಅರ್ಧ ಕೇಳಿ ಇನ್ನರ್ಧ ಊಹಿಸುತ್ತಾರೆ. ಯಂತ್ರವೂ ಊಹಿಸುತ್ತದೆ, ಆದರೆ ತಪ್ಪಾಗಿ.

ಹೊಸ ಕಾಲರ್ ಮೈಕು ತಂದೆ. ಫೋನಿಗೆ ಹಾಕಿದರೆ ಕೆಲಸ ಮಾಡುತ್ತದೆ, ಮನೆಯ ಡೆಸ್ಕ್‌ಟಾಪಿಗೆ ಹಾಕಿದರೆ ಇಲ್ಲ.
— ತುಮಕೂರು

ಪಿನ್ನಿನ ಮೇಲೆ ಕಪ್ಪು ಗೆರೆ ಎಣಿಸಿ. ಮೂರಿದ್ದರೆ ಅದು ಫೋನಿನ ಪಿನ್ನು, ಮೈಕು ಮತ್ತು ಸ್ಪೀಕರ್ ಎರಡೂ ಒಂದರಲ್ಲೇ. ಡೆಸ್ಕ್‌ಟಾಪಿನಲ್ಲಿ ಗುಲಾಬಿ ತೂತು ಮೈಕಿಗೆ, ಹಸಿರು ಸ್ಪೀಕರಿಗೆ, ಬೇರೆ ಬೇರೆ. ಒಂದನ್ನು ಎರಡು ಮಾಡುವ ಸ್ಪ್ಲಿಟರ್ ಕೇಬಲ್ ಬೇಕು, ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸುಲಭವಾಗಿ ಸಿಗುತ್ತದೆ. ಬೋಯಾ ಬಿವೈ-ಎಂ1 ತರಹದ್ದಾದರೆ ಅದರ ಡಬ್ಬಿಯ ಮೇಲೆ ಫೋನು, ಕ್ಯಾಮೆರಾ ಅಂತ ಸ್ವಿಚ್ ಇರುತ್ತದೆ, ಕ್ಯಾಮೆರಾ ಕಡೆ ಇದ್ದರೆ ಒಳಗಿನ ಗುಂಡಿ ಸೆಲ್ ಸತ್ತಿದೆಯಾ ನೋಡಿ.

ಸಿಕ್ಕಿಸಿದ ಮೇಲೆ ಮೀಟಿಂಗ್ ಆ್ಯಪ್‌ನಲ್ಲಿ ಅದೇ ಮೈಕು ಆಯ್ಕೆಯಾಗಿದೆಯಾ ನೋಡಿ. ಇದನ್ನು ಹೇಳುವ ಹಕ್ಕು ನನಗಿದೆ. ಒಮ್ಮೆ ಒಬ್ಬ ಹಿರಿಯರ ಜೊತೆ ಒಂದೂ ಕಾಲು ಗಂಟೆ ಮಾತಾಡಿ ರೆಕಾರ್ಡ್ ಮಾಡಿದೆ. ಕಾಲರಿಗೆ ಮೈಕು ನೀಟಾಗಿ ಸಿಕ್ಕಿಸಿಕೊಂಡಿದ್ದೆ. ರೆಕಾರ್ಡ್ ಆದದ್ದು ಲ್ಯಾಪ್‌ಟಾಪಿನ ಮೈಕಿನಲ್ಲಿ, ಅದರ ಪಕ್ಕದಲ್ಲೇ ಟೇಬಲ್ ಫ್ಯಾನು. ಫ್ಯಾನಿನ ಸಂದರ್ಶನ ಬಹಳ ಸ್ಪಷ್ಟವಾಗಿ ಬಂದಿತ್ತು. ಅವರಿಗೆ ಮತ್ತೆ ಫೋನ್ ಮಾಡಿ ಹೇಳಲು ನಾಲ್ಕು ದಿನ ಬೇಕಾಯಿತು. ಈಗ ಶುರುವಿಗೆ ಮುಂಚೆ ಮೈಕಿನ ಮೇಲೆ ಉಗುರಿನಿಂದ ಎರಡು ಸಲ ಕೆರೆಯುತ್ತೇನೆ. ಪರದೆಯ ಮೇಲೆ ಸದ್ದಿನ ಮೀಟರ್ ಕುಣಿದರೆ ಸರಿಯಾದ ಮೈಕು.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಎಕೋ ಹೋಗುತ್ತದೆ ಅಂತ ಒಬ್ಬರು ಹೇಳಿದರು. ನಲವತ್ತು ಟ್ರೇ ತಂದಿಟ್ಟಿದ್ದೇನೆ. ಯಾವ ಗಮ್ ಒಳ್ಳೆಯದು?
— ಗದಗ

ಯಾವ ಗಮ್ಮೂ ಬೇಡ. ಸದ್ದು ಹೀರಬೇಕಾದರೆ ವಸ್ತು ದಪ್ಪವಾಗಿರಬೇಕು, ಒಳಗೆ ಗಾಳಿ ಆಡುವಂತಿರಬೇಕು. ಟ್ರೇ ತೆಳು ರಟ್ಟು. ಚೂಪು ಸದ್ದನ್ನು ಅಷ್ಟಿಷ್ಟು ಚದುರಿಸಬಹುದು, ಮಾತಿನ ಗುಂಯ್‌ಗುಡುವಿಕೆ ಹಾಗೇ ಇರುತ್ತದೆ, ಮೇಲೆ ಬೆಂಕಿಯ ಭಯ, ಹಲ್ಲಿ ಜಿರಲೆಗಳಿಗೆ ಮನೆ. ನಿಮ್ಮ ಕಡೆಯ ಮನೆಗಳಲ್ಲಿ ಕೌದಿ ಇರುತ್ತದಲ್ವಾ? ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು. ಎರಡು ಕೌದಿಗಳನ್ನು ಹಗ್ಗದ ಮೇಲೆ ಮಡಿಸಿ ಹಾಕಿ, ಒಂದು ನಿಮ್ಮ ಬೆನ್ನ ಹಿಂದೆ, ಇನ್ನೊಂದು ಲ್ಯಾಪ್‌ಟಾಪಿನ ಹಿಂದೆ. ಗೋಡೆಗೆ ತಾಗಿಸದೆ ಒಂದು ಗೇಣು ಜಾಗ ಬಿಟ್ಟು ಕಟ್ಟಿದರೆ ಇನ್ನೂ ಒಳ್ಳೆಯದು. ಆಮೇಲೆ ಒಂದು ಚಪ್ಪಾಳೆ ಹೊಡೆದು ಕೇಳಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಟ್ರೇಗಳನ್ನು ಅಂಗಡಿಯವರಿಗೇ ವಾಪಸ್ ಕೊಡಿ, ತಗೊಳ್ತಾರೆ.